ಹೊಳೆಯ ಕಡತ

ಋಷಿಮೂಲವನ್ನೂ ನದೀಮೂಲವನ್ನೂ ಕೆದಕಬಾರದೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಋಷಿಗಳ ಮಾತು ಹಾಗಿರಲಿ. ನದಿಯ ಮಟ್ಟಿಗೆ ಈ ನುಡಿಯ ಇಂಗಿತವನ್ನು ಊಹಿಸುವುದು ಕಷ್ಟವಲ್ಲ. ಮಹಾನದಿಯ ಹುಟ್ಟನ್ನು ಹುಡುಕಿಕೊಂಡು ಹೋದವನಿಗೆ ಕೊನೆಯಲ್ಲಿ ಕಾಣುವುದು ಬಂಡೆಯ ಸಂದಿನಲ್ಲಿ ಜಿನುಗುವ ಅಂಗೈಯಗಲದ ಒರತೆ; ಮಹತ್ತಾದುದರ ಹುಟ್ಟು ಅಲ್ಪವೆಂದು ಕಂಡು ಅವನ ಭಕ್ತಿ ಕುಂದಬಾರದು. ಆದರೆ ನದಿಗೆ ಮೂಲವಿರುವಂತೆ ಪೂರ್ವಚರಿತ್ರೆಯೂ ಉಂಟು. ಇಂದು ಇಲ್ಲಿ ಹರಿಯುವ ಹೊಳೆ ಸಾವಿರ ವರ್ಷಗಳ ಹಿಂದೆ ಎಲ್ಲಿ ಹರಿಯಿತು? ಅದರ ರಭಸವೆಷ್ಟು, ದಿಕ್ಕು ಯಾವುದು, ಯಾವ ಬೆಟ್ಟದ ಕಲ್ಲನ್ನು ಅದು ಹೊತ್ತು ತಂದಿತು? ಈಗ ಹೊಳೆಯೇ ಇಲ್ಲದ ಕಡೆ ಒಂದು ಕಾಲಕ್ಕೆ ಹೊಳೆಯಿತ್ತೆ? ಈ ಪ್ರಶ್ನೆಗಳನ್ನು ಕೇಳಕೂಡದೆಂದು ಯಾವ ಹಿರಿಯರೂ ವಿಧಿಸಿಲ್ಲ.

ಕೇಳಬಹುದು ಸರಿ, ಉತ್ತರ ಹೇಳುವವರು ಯಾರು? ನೀರು ಹರಿದುಹೋಗುವ ವಸ್ತು. ಅದು ತನ್ನ ಗುರುತನ್ನು ಉಳಿಸುವುದಿಲ್ಲ. ಆದರೆ ಅದು ಹೊತ್ತು ತಂದ ಹೊರೆ ಉಳಿಯುತ್ತದೆ. ಎಲ್ಲಿ ರಭಸ ಕುಂದಿತೋ ಅಲ್ಲಿ ಹೊಳೆ ತನ್ನ ಹೊರೆಯನ್ನು ಇಳಿಸುತ್ತದೆ. ಮರುವರ್ಷ ಅದರ ಮೇಲೆ ಮತ್ತೊಂದು ಪದರವನ್ನು ಹಾಸುತ್ತದೆ. ಹಿಂದಿನ ಕಾಲದ ವ್ಯಾಪಾರಿಗಳೂ ಶಾನುಭೋಗರೂ ಇಟ್ಟುಕೊಳ್ಳುತ್ತಿದ್ದ ಕಡತಗಳನ್ನು ನಮ್ಮ ಹಳೆಯ ಮನೆಗಳಲ್ಲಿ ಕೆಲವರಾದರೂ ಕಂಡಿರಬಹುದು. ಬಟ್ಟೆಗೆ ಕಪ್ಪು ಬಳಿದು, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆದ ಆ ಲೆಕ್ಕದ ಪುಸ್ತಕವನ್ನು ಓದಬೇಕಾದರೆ ಮಡಿಕೆಗಳನ್ನು ಒಂದೊಂದಾಗಿ ಬಿಚ್ಚಬೇಕು. ಹೊಳೆಯ ಮೆಕ್ಕಲೂ ಅಂಥದೇ ಒಂದು ಕಡತ. ಅದನ್ನು ಓದುವ ಶಾಸ್ತ್ರವೊಂದು ಬೆಳೆದು ಬಂದಿದೆ. ಆ ಶಾಸ್ತ್ರದ ಮೊದಲ ಪಾಠಗಳನ್ನು ನಮ್ಮ ಮಕ್ಕಳು ತಮ್ಮೂರ ದಂಡೆಯ ಮೇಲೆ, ತಮ್ಮ ಮಾತಿನಲ್ಲಿಯೇ ಕಲಿಯಬಲ್ಲರು ಎಂಬುದನ್ನು ತೋರಿಸುವುದು ಈ ಬರಹದ ಉದ್ದೇಶ.

ಭೀಮಾ-ಸೀನಾ ಸೀಮೆಯ ಕನ್ನಡ ಶಾಲೆಗಳಲ್ಲಿ ಪಾಠ ಹೇಳುವ ನಮಗೆ ಪಾಲಕರಿಂದ ಆಗಾಗ್ಗೆ ಎದುರಾಗುವ ಪ್ರಶ್ನೆಯೊಂದಿದೆ. "ಮಾಸ್ತರ, ಕತಿ-ಕವನಕ್ಕ ಕನ್ನಡ ಆತು, ಶಾಸ್ತ್ರ ಕಲ್ಯಾಕ ನಮ್ಮ ಮಾತು ಸಾಲತೈತೇನ್ರಿ?" ಎಂದು ಅವರು ಕೇಳುತ್ತಾರೆ. ಕೇಳುವವರಲ್ಲಿ ಕುಹಕವಿಲ್ಲ, ಮಗುವಿನ ಮುಂದಿನ ದಾರಿಯ ಚಿಂತೆಯಿದೆ. ಈ ಚಿಂತೆಗೆ ಅಭಿಮಾನದ ಭಾಷಣ ಉತ್ತರವಾಗಲಾರದು. ಒಂದು ಶಾಸ್ತ್ರವನ್ನು ಎತ್ತಿಕೊಂಡು, ಅದರ ವಿಷಯವನ್ನು ಕನ್ನಡದಲ್ಲಿ ಕಲಿಸಿ ತೋರಿಸುವುದೇ ಉತ್ತರ. ಹೊಳೆಯ ಶಾಸ್ತ್ರವನ್ನು ನಾವು ಆರಿಸಿಕೊಂಡುದಕ್ಕೆ ಕಾರಣವಿಷ್ಟೆ: ಇದಕ್ಕೆ ಬೇಕಾದ ಪ್ರಯೋಗಶಾಲೆ ನಮ್ಮ ಊರುಗಳ ಪಕ್ಕದಲ್ಲಿಯೇ ಇದೆ, ಇದಕ್ಕೆ ಬೇಕಾದ ಪದಕೋಶ ನಮ್ಮ ಮಕ್ಕಳ ನಾಲಗೆಯ ಮೇಲೆಯೇ ಇದೆ.

ಆ ಪದಕೋಶವನ್ನು ಒಮ್ಮೆ ನೋಡೋಣ. ಹೊಳೆಸಾಲಿನ ರೈತನು ನೆಲದಲ್ಲಿ ಸಿಗುವುದನ್ನೆಲ್ಲ ಬರಿದೆ ಮಣ್ಣು ಎನ್ನುವುದಿಲ್ಲ. ಅವನಿಗೆ ಗುಂಡು ಬೇರೆ, ಹರಳು ಬೇರೆ, ಗರಸು ಬೇರೆ, ಉಸುಕು ಬೇರೆ. ಮೆಕ್ಕಲು, ಗೋಡು, ಜೇಡಿ, ಎರೆ ಇವೆಲ್ಲ ಬೇರೆ ಬೇರೆ. ಬೆರಳ ಸಂದಿಯಲ್ಲಿ ತಿಕ್ಕಿ ಅವನು ಇದು ಇಂಥದೆಂದು ಹೇಳಬಲ್ಲನು. ಶಾಸ್ತ್ರಜ್ಞರು ಮಾಡಿರುವುದೂ ಇದನ್ನೇ. ಅವರು ಬೆರಳಿನ ಬದಲು ಅಳತೆಯನ್ನಿಟ್ಟಿದ್ದಾರೆ. ಕಣದ ಅಡ್ಡಳತೆ 2 ಮಿಲಿಮೀಟರಿಗಿಂತ ಹೆಚ್ಚಾದರೆ ಅದು ಹರಳು. ಅಲ್ಲಿಂದ ಮಿಲಿಮೀಟರಿನ 16ನೆಯ ಒಂದು ಪಾಲಿನವರೆಗೆ ಉಸುಕು. ಅಲ್ಲಿಂದ 256ನೆಯ ಒಂದು ಪಾಲಿನವರೆಗೆ ನವಿರಾದ ಮೆಕ್ಕಲು. ಅದಕ್ಕಿಂತ ಕಿರಿದಾದುದು ಜೇಡಿ. ಉಸುಕಿನ ಕಣವು ಕಣ್ಣಿಗೆ ಕಾಣುತ್ತದೆ. ಮೆಕ್ಕಲಿನ ಕಣವು ಕಣ್ಣಿಗೆ ಕಾಣದಿದ್ದರೂ ಹಲ್ಲಿನ ನಡುವೆ ಕಿರಿಗುಟ್ಟುತ್ತದೆ. ಜೇಡಿಯು ಹಲ್ಲಿಗೂ ಸಿಗದೆ ಬೆಣ್ಣೆಯಂತೆ ಜಾರುತ್ತದೆ.

ಈ ಭೇದವೇಕೆ ಮುಖ್ಯವೆಂಬುದನ್ನು ಒಂದು ಗಾಜಿನ ಬಾಟಲಿಯಿಂದ ತಿಳಿಯಬಹುದು. ದಂಡೆಯ ಮಣ್ಣನ್ನು ಬಾಟಲಿಗೆ ಹಾಕಿ, ನೀರು ತುಂಬಿ, ಚೆನ್ನಾಗಿ ಅಲುಗಿಸಿ, ಕಿಟಕಿಯ ಬಳಿ ಇಡಿರಿ. ಉಸುಕು ಕೆಲವೇ ಕ್ಷಣಗಳಲ್ಲಿ ತಳ ಕಾಣುತ್ತದೆ. ಮಿಲಿಮೀಟರಿನ ಹತ್ತನೆಯ ಒಂದು ಪಾಲಿನ ಕಣವು 10 ಸೆಂಟಿಮೀಟರ್ ಇಳಿಯಲು ಹತ್ತು ಹನ್ನೆರಡು ಸೆಕೆಂಡು ಸಾಕು. ಅದರ ಐದನೆಯ ಒಂದು ಪಾಲಿನಷ್ಟಿರುವ ಮೆಕ್ಕಲಿನ ಕಣಕ್ಕೆ ಅದೇ ದೂರವಿಳಿಯಲು ಐದು ನಿಮಿಷಗಳ ಸಮೀಪ ಬೇಕು. ಜೇಡಿಯ ಕಣಕ್ಕೋ ಸುಮಾರು 8 ತಾಸು! ಸಂಜೆ ಶಾಲೆ ಬಿಡುವಾಗಲೂ ನೀರು ರಾಡಿಯಾಗಿಯೇ ಇರುವುದನ್ನು ಕಂಡು ಮಕ್ಕಳು ಬೆರಗಾಗುತ್ತಾರೆ. ಮರುದಿನ ಬಂದು ನೋಡಿದರೆ ಬಾಟಲಿಯ ತಳದಲ್ಲಿ ದಪ್ಪ ಕಣ ಕೆಳಗೆ, ನವಿರು ಮೇಲೆ, ಹೀಗೆ ಪದರಗಳು ಅಣಿಯಾಗಿ ಕುಳಿತಿರುತ್ತವೆ. ಕಣದ ಗಾತ್ರವೇ ನೀರಿನ ಬಲದ ಅಳತೆಯೆಂಬ ಸೂತ್ರವು ಇಲ್ಲಿ ಸಿದ್ಧವಾಯಿತು. ಗುಂಡು ಬಿದ್ದಿರುವಲ್ಲಿ ನೀರು ಭೋರ್ಗರೆದಿರಬೇಕು; ಉಸುಕಿರುವಲ್ಲಿ ಹರಿದಿರಬೇಕು; ಜೇಡಿಯಿರುವಲ್ಲಿ ನಿಂತಿರಬೇಕು.

ಸೂತ್ರ ಸುಲಭವೆಂದು ಬೀಗುವಂತಿಲ್ಲ. ಒಮ್ಮೆ ಕುಳಿತ ಜೇಡಿ ಒಂದಕ್ಕೊಂದು ಅಂಟಿಕೊಳ್ಳುವುದರಿಂದ, ಅದನ್ನು ಮತ್ತೆ ಎಬ್ಬಿಸಲು ಉಸುಕನ್ನು ಎಬ್ಬಿಸುವುದಕ್ಕಿಂತ ಹೆಚ್ಚಿನ ರಭಸ ಬೇಕಾಗುತ್ತದೆ. ಸ್ವೀಡನ್ ದೇಶದ ಯೂಲ್‌ಸ್ಟ್ರಮ್ ಎಂಬ ವಿದ್ವಾಂಸರು 1935ರಲ್ಲಿ ಇದನ್ನು ಒಂದು ವಕ್ರರೇಖೆಯಲ್ಲಿ ತೋರಿಸಿಕೊಟ್ಟರು. ಸೂಕ್ಷ್ಮವಾದುದೆಲ್ಲ ದುರ್ಬಲವಲ್ಲವೆಂಬುದು ಹೊಳೆಯ ಶಾಸ್ತ್ರದಲ್ಲಿಯೂ ಸತ್ಯ.

ಇನ್ನು ಬಾಟಲಿಯಿಂದ ಹೊಳೆಗೆ ಹೋಗೋಣ. 2020ರ ಅಕ್ಟೋಬರದಲ್ಲಿ ಭೀಮೆ ಉಕ್ಕಿ ಬಂದುದನ್ನು ಸೊಲ್ಲಾಪುರ ಮತ್ತು ಕಲಬುರಗಿ ಜಿಲ್ಲೆಗಳ ಹೊಳೆಸಾಲಿನವರು ಮರೆಯಲಾರರು. ಬೆಳೆ ಹೋಯಿತು, ಗೋಡೆಗಳು ಕುಸಿದವು. ನೆರೆ ಇಳಿದ ಮೇಲೆ ಹೊಲಗಳ ಮೇಲೆ ಗೋಡು ಮಣ್ಣಿನ ಒಂದು ಹೊದಿಕೆ ಉಳಿಯಿತು. ಅದು ಕೆಲವು ದಿನಗಳಲ್ಲಿ ಒಣಗಿ ಹಪ್ಪಳದಂತೆ ಬಿರುಕುಬಿಟ್ಟು ಅಂಚುಗಳಲ್ಲಿ ಮೇಲೆದ್ದಿತು. ನಾವು ಮಕ್ಕಳೊಡನೆ ಹೋಗಿ ಅಂಥ ಹಪ್ಪಳವೊಂದನ್ನು ಎತ್ತಿ ಅಡ್ಡವಾಗಿ ಮುರಿದು ನೋಡಿದೆವು. ಕೆಳಗೆ ನುಣ್ಣನೆಯ ಉಸುಕು, ಮೇಲೆ ಜೇಡಿ. ನೆರೆ ಏರಿದಾಗ ತಂದುದು ಕೆಳಗೆ. ಇಳಿಯುವಾಗ ನಿಂತ ನೀರು ಬಿಟ್ಟುದು ಮೇಲೆ. ಒಂದು ಮಹಾಪೂರದ ಕಥೆಯೆಲ್ಲ ಎರಡು ಬೆರಳ ದಪ್ಪದಲ್ಲಿ ಅಡಗಿತ್ತು. ಸಾವಿರ ವರ್ಷಗಳ ನಂತರ ಬರುವವನೊಬ್ಬನಿಗೆ ನಮ್ಮ ಕಣ್ಣೀರು ತಿಳಿಯಲಿಕ್ಕಿಲ್ಲ. ಆದರೆ ಆ ವರ್ಷ ನೀರು ಎಲ್ಲಿಯವರೆಗೆ ಬಂದಿತ್ತೆಂಬುದು ತಿಳಿದೀತು.

ಸೀನೆಯು ಭೀಮೆಯನ್ನು ಕೂಡುವ ಹತ್ತರಸಂಗ ಕೂಡಲದ ಆಸುಪಾಸಿನಲ್ಲಿ ದಂಡೆ ಕಡಿದು ನಿಂತಿರುವ ಕಡೆಗಳಲ್ಲಿ ಇಂಥ ಪದರಗಳು ಗೋಡೆಯಂತೆ ಕಾಣುತ್ತವೆ. ಕೆಳಗಿನದು ಹಳೆಯದು, ಮೇಲಿನದು ಹೊಸದು. ಈ ಸರಳ ನಿಯಮವನ್ನು ಸ್ಟೆನೊ ಎಂಬ ಡೇನಿಷ್ ಪಂಡಿತರು 1669ರಲ್ಲಿ ಪ್ರತಿಪಾದಿಸಿದರು. ಅಡಿಯಲ್ಲಿ ಹರಳಿನ ಹಾಸು, ಅದರ ಮೇಲೆ ಉಸುಕು, ಅದರ ಮೇಲೆ ಗೋಡು ಎಂಬ ಕ್ರಮ ಕಂಡರೆ, ಅಲ್ಲಿ ನಡುಹೊಳೆ ಮೆಲ್ಲನೆ ಪಕ್ಕಕ್ಕೆ ಸರಿದು ದಂಡೆಯಾಗಿ, ದಂಡೆ ಹೊಲವಾಯಿತೆಂದು ತಿಳಿಯಬೇಕು. ಜರ್ಮನಿಯ ವಾಲ್ಟರ್ ಎಂಬವರು 1894ರಲ್ಲಿ ಹೇಳಿದ ತತ್ತ್ವವಿದು: ಇಂದು ಒಂದರ ಮೇಲೊಂದು ಕುಳಿತ ಪದರಗಳು, ನಡುವೆ ಕೊರೆತವಿಲ್ಲದಿದ್ದರೆ, ಅಂದು ಒಂದರ ಪಕ್ಕದಲ್ಲೊಂದು ಇದ್ದಂಥವು. ಹೊಳೆ ಹೊರತಿರುವನ್ನು ಕಡಿಯುತ್ತ ಒಳತಿರುವಿನಲ್ಲಿ ಉಸುಕು ಹಾಕುತ್ತ ಹೊರಳುವುದರಿಂದ ಇದು ಹೀಗಾಗುತ್ತದೆ. ಪಂಢರಪುರದ ಬಳಿ ಭೀಮೆ ಅರ್ಧಚಂದ್ರದಂತೆ ಬಾಗುವುದನ್ನು ಕಂಡೇ ಜನ ಅದನ್ನು ಚಂದ್ರಭಾಗೆ ಎಂದು ಕರೆದರು. ಹೊಳೆಯ ಆಕಾರವನ್ನು ಹೆಸರಿನಲ್ಲಿ ಹಿಡಿದಿಟ್ಟ ಜನಕ್ಕೆ ಅದರ ಹೊರಳಾಟವನ್ನು ವಿವರಿಸುವುದು ಕಷ್ಟವೇನು?

ಹರಳುಗಳೂ ಮಾತಾಡುತ್ತವೆ. ಚಪ್ಪಟೆ ಹರಳುಗಳು ಹೊಳೆಯ ತಳದಲ್ಲಿ ಮಾಡಿನ ಹಂಚಿನಂತೆ ಒಂದರ ಮೇಲೊಂದು ಒರಗಿಕೊಂಡಿರುತ್ತವೆ. ಅವುಗಳ ಇಳಿಜಾರು ನೀರು ಬಂದ ದಿಕ್ಕಿನ ಕಡೆಗಿರುತ್ತದೆ. ಎದುರಾಗಿ ಇಳಿಜಾರಿದ್ದ ಹರಳನ್ನು ಪ್ರವಾಹ ಸುಲಭವಾಗಿ ಮಗುಚಲಾರದು. ಹೀಗಾಗಿ ನೀರು ಬತ್ತಿದ ಮೇಲೂ ಅದು ಎತ್ತಣಿಂದ ಬಂದಿತೆಂದು ಹೇಳಬಹುದು. ಹರಳಿನ ಜಾತಿಯಾದರೋ ಅದರ ತವರನ್ನು ಹೇಳುತ್ತದೆ. ನಮ್ಮ ಭೀಮೆಯ ಹರಳುಗಳಲ್ಲಿ ಕರಿಗಲ್ಲಿನ ಚೂರುಗಳೂ ಅದರ ಪೊಟರೆಗಳಲ್ಲಿ ಬೆಳೆದ ಅಕೀಕಿನಂಥ ಬಣ್ಣದ ಕಲ್ಲುಗಳೂ ಧಾರಾಳವಾಗಿವೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಬಿರಿದು ಹರಿದ ಲಾವಾರಸದಿಂದಾದ ದಖ್ಖಣದ ಶಿಲೆಯೇ ಈ ಕರಿಗಲ್ಲು. ಹೊಳೆಗೆ ತನ್ನ ತವರನ್ನು ಮರೆಮಾಚಲು ಬರುವುದಿಲ್ಲ.

ಕೊನೆಯದಾಗಿ ಅಲೆಗೆರೆ. ಹರಿವ ನೀರಿನಡಿಯ ಉಸುಕು ಮಟ್ಟಸವಾಗಿರುವುದಿಲ್ಲ. ಸಣ್ಣ ದೊಡ್ಡ ದಿಬ್ಬಗಳಾಗಿ ಏಳುತ್ತದೆ. ನೀರು ದಿಬ್ಬದ ಬೆನ್ನಿನ ಮೇಲೆ ಉಸುಕನ್ನು ಉರುಳಿಸಿಕೊಂಡು ಹೋಗಿ ತುದಿಯಲ್ಲಿ ಆಚೆಗೆ ಚೆಲ್ಲುತ್ತದೆ. ಚೆಲ್ಲಿದ ಉಸುಕು ಇಳಿಜಾರಿನಲ್ಲಿ ಓರೆಯಾಗಿ ಕೂಡುತ್ತದೆ. ಅದರ ಮೇಲೆ ಮತ್ತೊಂದು ಓರೆ, ಮತ್ತೊಂದು ಓರೆ. ದಿಬ್ಬ ಹೀಗೆ ಮುಂದೆ ಮುಂದೆ ಸರಿಯುತ್ತದೆ. ಆದ್ದರಿಂದ ಎರಡು ಮಟ್ಟಸ ಗೆರೆಗಳ ನಡುವೆ ಓರೆಯಾಗಿ ಒರಗಿದ ಸಣ್ಣ ಪದರಗಳು ಕಂಡರೆ, ಅವು ಇಳಿದ ಕಡೆಗೆ ನೀರು ಹರಿಯಿತೆಂದು ತಿಳಿಯಬೇಕು. ಇಂಗ್ಲೆಂಡಿನ ಸೋರ್ಬಿ ಎಂಬವರು 19ನೆಯ ಶತಮಾನದ ನಡುವಿನಲ್ಲಿಯೇ ಇಂಥ ಗೆರೆಗಳಿಂದ ಹಳೆಯ ಪ್ರವಾಹಗಳ ದಿಕ್ಕನ್ನು ಓದಲು ತೊಡಗಿದ್ದರು. ಈ ಓರೆಪದರವೇ ಹೊಳೆಯ ಲಿಪಿಯ ಮುಖ್ಯ ಅಕ್ಷರ.

ಅಕ್ಷರ ಕಲಿತ ಮೇಲೆ ಒಂದು ದೊಡ್ಡ ಗ್ರಂಥವನ್ನು ಓದಬೇಕೆಂಬ ಆಸೆ ಸಹಜ. ಆ ಗ್ರಂಥಕ್ಕಾಗಿ ನಾವು ದೂರ ಹೋಗಬೇಕಾಗಿಲ್ಲ. ಸೊಲ್ಲಾಪುರದಿಂದ ಹೊಟಗಿಯ ಮೇಲೆ ಗದಗಿಗೆ ಹೋಗುವ ರೈಲುದಾರಿಯು ನಮ್ಮ ಜನಕ್ಕೆ ತಾಯಿನಾಡಿನ ಹೆಬ್ಬಾಗಿಲು. ವಿದ್ಯಾರ್ಥಿಗಳೊಡನೆ ಬಾದಾಮಿಗೆ ಹೋದಾಗ ಆ ಪ್ರಯಾಣವೇ ಒಂದು ಪಾಠವಾಯಿತು. ವಿಜಾಪುರದವರೆಗೆ ಕಿಟಕಿಯಾಚೆ ಎರೆಯ ಬಯಲು, ಕರಿಗಲ್ಲು. ಗೋಳಗುಮ್ಮಟವೂ ಅದೇ ಕಲ್ಲಿನದು. ಕೃಷ್ಣೆಯನ್ನು ದಾಟಿ ಬಾಗಲಕೋಟೆಯ ಕಡೆಗೆ ಹೋದಂತೆ ಕರಿಗಲ್ಲು ಮುಗಿದು ಬೇರೆ ಶಿಲೆಗಳು ತಲೆದೋರುತ್ತವೆ. ಅವು ದಖ್ಖಣದ ಕರಿಗಲ್ಲಿಗಿಂತ ಎಷ್ಟೋ ಪಾಲು ಹಳೆಯವು. ಈ ಶಿಲೆಗಳನ್ನು ಮೊದಲು ವಿಸ್ತಾರವಾಗಿ ವಿವರಿಸಿದವರು ರಾಬರ್ಟ್ ಬ್ರೂಸ್ ಫೂಟ್. ದಕ್ಷಿಣ ಮರಾಠಾ ಸೀಮೆಯ ಭೂರಚನೆಯನ್ನು ಕುರಿತ ಅವರ ಗ್ರಂಥ 1876ರಲ್ಲಿ ಪ್ರಕಟವಾಯಿತು. ಆಗ ಜಿಲ್ಲೆಯ ಕೇಂದ್ರವಾಗಿದ್ದ ಕಲಾದಗಿಯ ಹೆಸರೇ ಈ ಶಿಲಾಸಮೂಹಕ್ಕೆ ನಿಂತಿತು.

ಬಾದಾಮಿಯ ಮೇಣಬಸದಿಗಳನ್ನು ನಾವೆಲ್ಲರೂ ಚಾಲುಕ್ಯರ ಶಿಲ್ಪಕ್ಕಾಗಿ ನೋಡುತ್ತೇವೆ, ನೋಡಲೇಬೇಕು. ಮೂರನೆಯ ಗುಹೆಯಲ್ಲಿ ಮಂಗಳೇಶನು ಬರೆಯಿಸಿದ, ಕ್ರಿ. ಶ. 578ರ ಶಾಸನವಿದೆ. ಊರ ಬಳಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ. ಕನ್ನಡ ತ್ರಿಪದಿಯ ಪ್ರಾಚೀನ ರೂಪವನ್ನು ಅದರಲ್ಲಿ ಕಾಣುತ್ತೇವೆ. ಆದರೆ ಆ ದಿನ ನಮ್ಮ ಹುಡುಗನೊಬ್ಬ ವಿಗ್ರಹವನ್ನು ಬಿಟ್ಟು ಅದರ ಹಿಂದಿನ ಗೋಡೆಯನ್ನು ದಿಟ್ಟಿಸುತ್ತ ನಿಂತುಬಿಟ್ಟನು. "ಗುರುಗಳ, ಈ ಗೆರಿ ನಮ್ಮ ಹೊಳಿ ದಂಡಿ ಉಸುಕಿನ್ಯಾಗ ಕಂಡ ಗೆರಿ ಹಂಗ ಓರೆ ಅದಾವಲ್ರಿ!" ಎಂದನು. ಅವನು ಕಂಡುದು ನಿಜ. ಕೆಂಪು, ಹಳದಿ, ಬಿಳಿ ಪಟ್ಟೆಗಳ ನಡುವೆ ಓರೆಪದರಗಳು ಸಾಲುಸಾಲಾಗಿ ಒರಗಿದ್ದವು. ಚಾಲುಕ್ಯರ ಶಿಲ್ಪಿಗಳು ಕೊರೆದ ಆ ಬಂಡೆಯ ಬಹುಪಾಲು ಪ್ರಾಚೀನ ನದಿಗಳು ಹಾಸಿದ ಉಸುಕು. ಕಾಲಾಂತರದಲ್ಲಿ ಬಿಗಿದು ಕಲ್ಲಾಗಿ ಮರಳುಗಲ್ಲೆಂಬ ಹೆಸರು ಪಡೆದುದು. ಭೂವಿಜ್ಞಾನಿಗಳು ಈ ಪದರಕ್ಕೆ ಗುಹಾದೇವಾಲಯಗಳ ಹೆಸರನ್ನೇ ಇಟ್ಟಿದ್ದಾರೆ.

ಈಗ ಆ ಗ್ರಂಥವನ್ನು ಕ್ರಮವಾಗಿ ಓದೋಣ. ಬಾದಾಮಿಯ ಶಿಲಾಸಮೂಹದ ಅಡಿಯಲ್ಲಿ ಅದಕ್ಕಿಂತ ಹಳೆಯ ಪದರಗಳು ಮಡಿಚಿ ಓರೆಯಾಗಿ ಬಾಗಿವೆ. ಮೇಲಿನವು ಬಹುಮಟ್ಟಿಗೆ ಸಮತಲವಾಗಿವೆ. ಎಂದರೆ, ಹಳೆಯ ಪದರಗಳು ಮೊದಲು ಬಾಗಿ, ಸವೆದು, ನೆಲ ತೆರೆದು ನಿಂತ ಬಳಿಕವೇ ಹೊಸ ಹೊಳೆಗಳು ಬಂದವು. ಆ ಹೊಳೆಗಳು ಬುಡದಲ್ಲಿ ಹರಳುಗಳ ಹಾಸನ್ನು ಹಾಕಿದವು. ಅದರ ಮೇಲೆ ಉಸುಕಿನ ದಪ್ಪ ಪದರಗಳು. ಮತ್ತೂ ಮೇಲಕ್ಕೆ ಹೋದಂತೆ ಜೇಡಿಶಿಲೆಯೂ ಸುಣ್ಣಗಲ್ಲೂ ಬರುತ್ತವೆ. ಪ್ರವಾಹದ ರಭಸವಡಗಿ ನಿಂತ ನೀರು ಆ ನೆಲವನ್ನು ಆವರಿಸಿದುದಕ್ಕೆ ಅವು ಸಾಕ್ಷಿ. ಗುಹೆಗಳ ಉಸುಕಿನ ಕಣಗಳಲ್ಲಿ ಬಹುಪಾಲು ಬೆಣಚುಕಲ್ಲು. ದೀರ್ಘ ಪ್ರಯಾಣದಲ್ಲಿ ಮೆತ್ತನೆಯ ಖನಿಜಗಳೆಲ್ಲ ಸವೆದು, ಗಟ್ಟಿಯಾದ ಬೆಣಚೊಂದೇ ಉಳಿದಿದೆ. ಭೀಮೆಯ ಕರಿಗಲ್ಲಿನ ಚೂರು ಇಲ್ಲಿ ಒಂದೂ ಸಿಗದು. ದಖ್ಖಣದ ಕರಿಗಲ್ಲು ಆಗಿನ್ನೂ ಹುಟ್ಟಿರಲಿಲ್ಲ.

ಎಲ್ಲಕ್ಕಿಂತ ವಿಸ್ಮಯಕರವಾದುದು ಈ ಪುಟಗಳಲ್ಲಿ ಇಲ್ಲದಿರುವ ಸಂಗತಿ. ಈ ಉಸುಕು ಹರಡಿದ ಕಾಲಕ್ಕೆ ನೆಲದ ಮೇಲೆ ಒಂದು ಹುಲ್ಲುಗರಿಯೂ ಇರಲಿಲ್ಲ. ಭೂಮಿಯ ಮೇಲೆ ನೆಲದ ಸಸ್ಯಗಳು ಕಾಣಿಸಿಕೊಂಡುದು ಸುಮಾರು 47 ಕೋಟಿ ವರ್ಷಗಳ ಹಿಂದೆ. ಬಾದಾಮಿಯ ಉಸುಕು ಅದಕ್ಕಿಂತ ಬಹಳ ಹಿಂದಿನದು. ಬೇರಿಲ್ಲದ ನೆಲಕ್ಕೆ ದಂಡೆಯೆಂಬುದು ನಿಲ್ಲುವುದು ಕಷ್ಟ. ಮಳೆ ಬಿದ್ದರೆ ಮಣ್ಣು ಹಿಡಿತವಿಲ್ಲದೆ ಕರಗುತ್ತದೆ. ಹೊಳೆ ಒಂದು ಪಾತ್ರದಲ್ಲಿ ನಿಲ್ಲದೆ ಜಡೆಯ ಎಳೆಗಳಂತೆ ಹಲವು ಕವಲಾಗಿ ಒಡೆದು, ಕೂಡಿ, ಮತ್ತೆ ಒಡೆದು, ವಿಸ್ತಾರವಾದ ಬಯಲಿನಲ್ಲಿ ಉಸುಕನ್ನು ಚಾಪೆಯಂತೆ ಹಾಸುತ್ತದೆ. ಜೇಡಿಯು ದಂಡೆಯಲ್ಲಿ ನಿಲ್ಲದೆ ತೇಲಿ ದೂರ ಹೋಗುತ್ತದೆ. ಜಗತ್ತಿನ ಅನೇಕ ಕಡೆಗಳ ನದೀಶಿಲೆಗಳನ್ನು ಹೋಲಿಸಿ ಕೇಂಬ್ರಿಜ್ ವಿದ್ವಾಂಸರು 2018ರಲ್ಲಿ ಪ್ರಕಟಿಸಿದ ಅಧ್ಯಯನವು, ನೆಲದ ಸಸ್ಯಗಳು ಬಂದ ಮೇಲೆಯೇ ನದೀಶಿಲೆಗಳಲ್ಲಿ ಜೇಡಿಯ ಪಾಲು ಬಹುವಾಗಿ ಏರಿತೆಂದು ತೋರಿಸಿಕೊಟ್ಟಿತು. ಬಾದಾಮಿಯ ಗೋಡೆಯಲ್ಲಿ ಉಸುಕೇ ಉಸುಕು ಕಾಣುವುದರ ಮರ್ಮ ಇದು. ದಂಡೆಗೆ ಹುಲ್ಲು ಹಚ್ಚಿರೆಂದು ಒಕ್ಕಲುತನದ ಪಾಠದಲ್ಲಿ ಹೇಳುವಾಗ, ಹುಲ್ಲೇ ಇಲ್ಲದ ಭೂಮಿಯ ಈ ಚಿತ್ರವನ್ನು ಮಕ್ಕಳ ಮುಂದಿಡಬಾರದೇಕೆ?

ಓದಲು ಬಂದಿತೆಂದ ಮಾತ್ರಕ್ಕೆ ಮನಸ್ಸಿಗೆ ಬಂದುದನ್ನೆಲ್ಲ ಓದಿಕೊಳ್ಳಲಾಗದು. ಈ ಎಚ್ಚರವನ್ನು ಕಲಿಸುವ ಒಂದು ಉದಾಹರಣೆ ನಮ್ಮ ದೇಶದಲ್ಲಿಯೇ ಇದೆ. ಹರಿಯಾಣ ರಾಜಸ್ಥಾನಗಳಲ್ಲಿ ಮಳೆಗಾಲದಲ್ಲಿ ಮಾತ್ರ ನೀರು ಕಾಣುವ ಘಗ್ಗರ್ ಎಂಬ ಹೊಳೆಯಿದೆ. ಅದರ ಒಣಪಾತ್ರವು ಪಾಕಿಸ್ತಾನದಲ್ಲಿ ಹಾಕ್ರಾ ಎನಿಸಿಕೊಳ್ಳುತ್ತದೆ. ಅದರ ದಂಡೆಯ ಮೇಲೆ ಕಾಲಿಬಂಗನ್ ಮೊದಲಾದ ಹರಪ್ಪ ಸಂಸ್ಕೃತಿಯ ನೆಲೆಗಳಿವೆ. ಇದೇ ವೇದಗಳ ಸರಸ್ವತಿಯೆಂದು ಅನೇಕರು ನಂಬಿದ್ದಾರೆ. ಇಲ್ಲಿ ಹಿಮಾಲಯದ ಮಹಾನದಿಯೊಂದು ಹರಿಯುತ್ತಿತ್ತೆ, ಹರಿದಿದ್ದರೆ ಎಂದು ನಿಂತಿತು ಎಂಬ ಪ್ರಶ್ನೆಯನ್ನು ಗ್ರಂಥಗಳಿಂದ ಅಲ್ಲದೆ ಮೆಕ್ಕಲಿನಿಂದ ನಿರ್ಣಯಿಸಲು ವಿಜ್ಞಾನಿಗಳು ನೆಲ ಕೊರೆದರು.

ಕೊರೆದು ತೆಗೆದ ಉಸುಕಿನಲ್ಲಿ ಅವರು ಎರಡನ್ನು ಹುಡುಕಿದರು. ಒಂದು, ತವರು: ಜಿರ್ಕಾನ್ ಎಂಬ ಹರಳಿನ ಮತ್ತು ನಾವು ಕಾಗೆಬಂಗಾರವೆನ್ನುವ ಅಭ್ರಕದ ವಯಸ್ಸನ್ನು ಅಳೆದು, ಅದು ಯಾವ ಬೆಟ್ಟದ ಶಿಲೆಗೆ ಹೊಂದುತ್ತದೆಂದು ನೋಡಿದರು. ಎರಡು, ಕಾಲ: ಉಸುಕಿನ ಕಣವೊಂದು ಬಿಸಿಲು ಕಾಣದೆ ಹೂತುಹೋದ ಮೇಲೆ ಸುತ್ತಲಿನ ಮಣ್ಣಿನ ವಿಕಿರಣದಿಂದ ಅದರೊಳಗೆ ಶಕ್ತಿ ಸಂಚಯವಾಗುತ್ತ ಹೋಗುತ್ತದೆ; ಪ್ರಯೋಗಶಾಲೆಯಲ್ಲಿ ಅದರ ಮೇಲೆ ಬೆಳಕು ಹಾಯಿಸಿದರೆ ಆ ಶಕ್ತಿ ಮಿನುಗಾಗಿ ಹೊರಬೀಳುತ್ತದೆ. ಮಿನುಗು ಹೆಚ್ಚಿದಷ್ಟೂ ಅದು ಹೂತ ಕಾಲ ಹಿಂದಿನದು. ಕಾನಪುರದ ಐ.ಐ.ಟಿ. ಮತ್ತು ಲಂಡನ್ನಿನ ಇಂಪೀರಿಯಲ್ ಕಾಲೇಜಿನ ವಿದ್ವಾಂಸರು ಸೇರಿ 2017ರಲ್ಲಿ ತಮ್ಮ ನಿರ್ಣಯವನ್ನು ಪ್ರಕಟಿಸಿದರು. ಈ ಪಾತ್ರದಲ್ಲಿ ಹಿಂದೆ ಹರಿದುದು ಸಟ್ಲೆಜ್ ನದಿ. ಅದು ಸುಮಾರು 8,000 ವರ್ಷಗಳ ಹಿಂದೆಯೇ ದಾರಿ ಬದಲಿಸಿ ಹೋಯಿತು. ಹರಪ್ಪದ ನಗರಗಳು ತಲೆಯೆತ್ತಿದುದು ಅದಕ್ಕೆ ಸಾವಿರಾರು ವರ್ಷಗಳ ನಂತರ, ತೊರೆದುಹೋದ ಪಾತ್ರದ ಮಗ್ಗುಲಲ್ಲಿ ಎಂದು ಅವರು ಹೇಳಿದರು. 2019ರಲ್ಲಿ ಬೇರೊಂದು ತಂಡವು, 9,000ದಿಂದ 4,500 ವರ್ಷಗಳ ಹಿಂದಿನ ಅವಧಿಯಲ್ಲಿ ಸಟ್ಲೆಜ್‌ನ ಕವಲುಗಳ ಮೂಲಕ ಹಿಮಾಲಯದ ನೀರು ಇಲ್ಲಿ ಮತ್ತೆ ವರ್ಷವಿಡೀ ಹರಿದಿರಬೇಕೆಂದು ವಾದಿಸಿತು.

ಈ ವಾದದಲ್ಲಿ ಯಾರ ಪಕ್ಷ ವಹಿಸಬೇಕೆಂಬುದು ನಮ್ಮ ಪ್ರಶ್ನೆಯಲ್ಲ. ವಿದ್ಯಾರ್ಥಿಗಳು ಗಮನಿಸಬೇಕಾದುದು ಎರಡೂ ಪಕ್ಷಗಳು ನಿಂತಿರುವ ನೆಲವನ್ನು. ಇಬ್ಬರೂ ಉಸುಕಿನ ಕಣವನ್ನು ಕೈಯಲ್ಲಿ ಹಿಡಿದು ಮಾತಾಡುತ್ತಾರೆ. ಒಬ್ಬರ ಅಳತೆಯನ್ನು ಮತ್ತೊಬ್ಬರು ಪರೀಕ್ಷಿಸಬಹುದು. ನಮ್ಮಂಥ ಗಡಿಯ ಜನಕ್ಕೆ ಈ ಪಾಠ ಬಹಳ ಬೇಕಾದುದು. ಯಾವ ಊರು ಯಾರದು, ಯಾವ ನುಡಿ ಮೊದಲಿನದು ಎಂಬ ಜಗಳಗಳ ನಡುವೆ ಬೆಳೆದವರು ನಾವು. ಬೇಕಾದುದನ್ನೇ ಚರಿತ್ರೆಯಲ್ಲಿ ಕಾಣುವ ಆಸೆ ಎಲ್ಲ ಪಕ್ಷಗಳಲ್ಲಿಯೂ ಉಂಟು. ಹೊಳೆಯ ಕಡತ ಅಂಥ ಆಸೆಗೆ ಒಗ್ಗುವುದಿಲ್ಲ. ಭೀಮೆ ಕೆಲವೆಡೆ ಎರಡು ರಾಜ್ಯಗಳ ಮೇರೆಯಾಗಿ ಹರಿಯುತ್ತದೆ. ಆದರೆ ಅದರ ಗೋಡು ಎರಡು ದಂಡೆಯ ಮೇಲೂ ಒಂದೇ.

ಈ ಕಡತವು ಈಗ ಅಪಾಯದಲ್ಲಿದೆಯೆಂಬುದನ್ನೂ ಹೇಳದಿರಲಾಗದು. ಹೊಳೆಯ ಉಸುಕನ್ನು ಮನೆ ಕಟ್ಟಲು ಅಗೆದು ಸಾಗಿಸುವುದು ಹಗಲಿರುಳೆನ್ನದೆ ನಡೆದಿರುವುದನ್ನು ಹೊಳೆಸಾಲಿನವರೆಲ್ಲ ಬಲ್ಲರು. ಮನೆಗೆ ಉಸುಕು ಬೇಕು, ನಿಜ. ಆದರೆ ಒಂದು ಲಾರಿ ಹೋದರೆ ಎಷ್ಟೋ ವರ್ಷಗಳ ಪದರಗಳು ಕಲಸಿಹೋಗುತ್ತವೆ. ಬಾವಿಗಳಿಗೆ ನೀರನ್ನು ಇಂಗಿಸಿ ಕೊಡುತ್ತಿದ್ದ ಹಾಸು ಬರಿದಾಗುತ್ತದೆ. ನಾವು ಮಕ್ಕಳಿಗೆ ತೋರಿಸಿದ್ದ ಒಂದು ದಂಡೆಗೋಡೆ ಎರಡು ವರ್ಷಗಳಲ್ಲಿ ಗುಂಡಿಯಾಯಿತು. ಮೇಲ್ಗಡೆ 1980ರಲ್ಲಿ ಮುಗಿದ ಉಜನಿ ಅಣೆಕಟ್ಟು ನಮ್ಮ ಹೊಲಗಳಿಗೆ ನೀರು ಕೊಟ್ಟಿದೆ. ಜೊತೆಗೆ ಹೊಳೆ ತರುತ್ತಿದ್ದ ಹೂಳಿನ ಬಹುಪಾಲನ್ನು ತಡೆದಿಟ್ಟುಕೊಂಡಿದೆ. ಹೊಸ ಪುಟ ಬರೆಯುವ ಕೈ ಬಡವಾದಾಗ ಹಳೆಯ ಪುಟಗಳನ್ನು ಹರಿದುಹಾಕುವುದು ವಿವೇಕವೆ?

ಶಿಕ್ಷಕಬಂಧುಗಳಲ್ಲಿ ನಮ್ಮ ವಿನಂತಿ ಸಣ್ಣದು. ಪ್ರತಿ ಶಾಲೆಯೂ ತನ್ನೂರ ಹಳ್ಳದ ಅಥವಾ ಹೊಳೆಯ ಒಂದು ದಂಡೆಯನ್ನು ಆರಿಸಿಕೊಳ್ಳಲಿ. ನೀರು ಇಳಿದ ಕಾಲದಲ್ಲಿ, ಕುಸಿಯುವ ಭಯವಿಲ್ಲದ ತಾವಿನಲ್ಲಿ, ದಾರವನ್ನು ಇಳಿಬಿಟ್ಟು ಪದರಗಳನ್ನು ಅಳೆದು, ಒಂದು ವಹಿಯಲ್ಲಿ ಚಿತ್ರ ಬರೆಯಿಸಲಿ. ಪ್ರತಿ ಪದರಕ್ಕೆ ಆ ಊರಿನ ಒಕ್ಕಲಿಗರು ಯಾವ ಹೆಸರನ್ನು ಹೇಳುತ್ತಾರೋ ಅದನ್ನೇ ಪಕ್ಕದಲ್ಲಿ ಬರೆಯಿಸಲಿ; ಅಜ್ಜ ಅಜ್ಜಿಯರನ್ನು ಕೇಳಿಕೊಂಡು ಬರಲಿ. ಅಕ್ಕಲಕೋಟೆಯ ಶಾಲೆಯ ವಹಿಯನ್ನು ಜತ್ತದ ಶಾಲೆಯ ವಹಿಯೊಡನೆ ಹೋಲಿಸಿದರೆ ಒಂದೇ ಮಣ್ಣಿಗೆ ಎರಡು ಹೆಸರೂ ಒಂದೇ ಹೆಸರಿಗೆ ಎರಡು ಮಣ್ಣೂ ಕಂಡಾವು. ಅದರಿಂದ ಶಾಸ್ತ್ರಕ್ಕೂ ಲಾಭ, ನುಡಿಗೂ ಲಾಭ. ನೆರೆ ಬಂದ ವರ್ಷ ಹೊಸ ಪದರದ ದಪ್ಪವನ್ನು ತಾರೀಖಿನೊಡನೆ ಗುರುತಿಸಿಡಲಿ.

ವಿದ್ಯಾರ್ಥಿಗಳಿಗೆ ಒಂದು ಮಾತು. ಹೊಳೆಯ ಹಳೆಯ ರೂಪವನ್ನು ಯಾರೂ ಕಣ್ಣಾರೆ ಕಂಡಿಲ್ಲ. ಕಾಣದುದನ್ನು ಕಾಣುವ ದಾರಿಯೆಂದರೆ ಉಳಿದುದನ್ನು ತಾಳ್ಮೆಯಿಂದ ನೋಡುವುದು, ಅಳೆಯುವುದು, ಕೆಳಗಿನಿಂದ ಮೇಲಕ್ಕೆ ಕ್ರಮ ತಪ್ಪದೆ ಓದುವುದು. ಇದಕ್ಕೆ ದೊಡ್ಡ ಯಂತ್ರಗಳು ಮುಂದೆ ಬೇಕಾದಾವು. ಮೊದಲಿಗೆ ಬೇಕಾದುದು ಕಣ್ಣು, ಬೆರಳು ಮತ್ತು ಕಂಡುದಕ್ಕೆ ಸರಿಯಾದ ಹೆಸರು. ಆ ಹೆಸರುಗಳು ನಿಮ್ಮ ಮನೆಯಲ್ಲಿವೆ. ಕನ್ನಡದಲ್ಲಿ ಶಾಸ್ತ್ರ ಕಲಿಯಲಾದೀತೆ ಎಂದು ಇನ್ನೊಮ್ಮೆ ಯಾರಾದರೂ ಕೇಳಿದರೆ ವಾದಕ್ಕಿಳಿಯಬೇಡಿರಿ. ಅವರನ್ನು ದಂಡೆಗೆ ಕರೆದುಕೊಂಡು ಹೋಗಿ, ಆ ಗೋಡೆಯನ್ನು ಅಡಿಯಿಂದ ತುದಿಯವರೆಗೆ ಓದಿ ತೋರಿಸಿರಿ.